ಅಪ್‌ಡೇಟ್: ಸುಗ್ಗಿ ಹಬ್ಬಕ್ಕೆ ಕಮಿಟಿಯವ್ರು, ವಾಲಂಟಿಯರ್ಸ್ ಒಟ್ಟಿಗೆ ಕೂತ್ರು

ಹೋದ್ ತಿಂಗಳು ಇಲ್ಲಿ ಕೇಳಿದ್ದೆ, ನಮ್ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಲ್ಲಿ ಕಮಿಟಿ ಒಂದ್ ಕಡೆ, ಯೂತ್ ಮತ್ತೆ ಸಂಡೇ ಸ್ಕೂಲ್ ಟೀಚರ್ಸ್ ಇನ್ನೊಂದ್ ಕಡೆ, ಸುಗ್ಗಿ ಹಬ್ಬಕ್ಕೆ ಯಾರೂ ಕೈ ಹಾಕ್ತಿಲ್ಲ, ಏನ್ ಮಾಡೋದು ಅಂತ. ಕೆಲಸ ಹಂಚೋಕ್ ಮುಂಚೆ ಯಾಕ್ ಮಾಡ್ತಿದೀವಿ ಅಂತ ಕೇಳಿ ಅಂದಿದ್ರಲ್ಲ, ಹಾಗೇ ಮಾಡಿದ್ವಿ, ತುಂಬಾ ಥ್ಯಾಂಕ್ಸ್.

ಭಾನುವಾರ ಆರಾಧನೆ ಮುಗಿದ್ಮೇಲೆ ಎಲ್ರೂ ಕೂತ್ವಿ. ಅಯ್ಯನವ್ರು (ನಮ್ ಪಾಸ್ಟರ್) ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಓದಿದ್ರು. ಆಗಿನ ಕ್ರೈಸ್ತರ ಸಭೆಯಲ್ಲಿ ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗ್ತಿಲ್ಲ ಅಂತ ಗೊಣಗಾಟ ಶುರುವಾದಾಗ ಅಪೊಸ್ತಲರು, ಅಂದ್ರೆ ಯೇಸುವಿನ ಮುಖ್ಯ ಶಿಷ್ಯರು, ತಾವೇ ಎಲ್ಲಾ ಹಿಡ್ಕೊಳ್ಳದೆ 7 ಜನರನ್ನ ನೀವೇ ಆರಿಸ್ಕೊಳ್ಳಿ ಅಂತ ಸಭೆಗೇ ಬಿಟ್ರಲ್ಲ, ಆ ಏಳೂ ಹೆಸರು ಗ್ರೀಕ್ ಹೆಸರೇ ಅಂತೆ, ಅಂದ್ರೆ ನೋವಾದವರ ಕಡೆಯವರ ಕೈಗೇ ಜವಾಬ್ದಾರಿ ಕೊಟ್ಟಿರಬೇಕು ಅಂದ್ರು. ಅದು ನನಗೆ ತುಂಬಾ ತಟ್ತು.

ಆಮೇಲೆ ಒಬ್ಬ ಹುಡುಗಿ ಎದ್ದು, ಪ್ಲ್ಯಾನ್ ನೀವ್ ಮಾಡ್ತೀರ, ಚೇರ್ ಹಾಕೋಕ್ ಮಾತ್ರ ನಮ್ಮನ್ನ ಕರೀತೀರ ಅಂದ್ಲು. ಖಜಾಂಚಿ ಅಂಕಲ್ ಸ್ವಲ್ಪ ಹೊತ್ತು ಸುಮ್ನಿದ್ದು, ಹೌದಮ್ಮ, ತಪ್ಪಾಯ್ತು ಅಂದ್ರು. ಅಲ್ಲಿಂದ ಮಾತೇ ಬದಲಾಯ್ತು.

ಈ ಸಲ ಕುಂಬಳಕಾಯಿ, ತೆಂಗಿನಕಾಯಿ, ಬಾಳೆಗೊನೆ ಹರಾಜಿನ ದುಡ್ಡೆಲ್ಲ ಚರ್ಚಿಗೆ ಬರೋಕಾಗದ ವಯಸ್ಸಾದವರ ಔಷಧಿಗೆ. ಲೆಕ್ಕ ಬರೆಯೋದು ಯೂತ್‌ನವರು, ಸೈನ್ ಖಜಾಂಚಿದು. ಮನೆಮನೆಗೆ ಹೋಗೋಕೆ ಕಮಿಟಿಯಿಂದ ಒಬ್ರು, ವಾಲಂಟಿಯರ್ ಒಬ್ರು, ಜೋಡಿಯಾಗೇ. ಮೊನ್ನೆ ಶನಿವಾರ ನಾನೂ ಹೋಗಿದ್ದೆ, ಒಬ್ಬ ಅಜ್ಜಿ ನಮ್ ಕೈ ಹಿಡ್ಕೊಂಡು ಕೀರ್ತನೆ ಹಾಡಿದ್ರು.

ಕ್ವಯರ್ ಪ್ರಾಕ್ಟೀಸ್ ಟೈಮಿಂದು ಇನ್ನೂ ಬಗೆಹರಿದಿಲ್ಲ, ಮುಂದಿನ ವಾರ ಅದಕ್ಕೆ ಕೂರ್ತೀವಿ.