ಪರಿಸರ ಸಮಾಜಶಾಸ್ತ್ರ, ಸಂಪನ್ಮೂಲ ಸಮಾಜಶಾಸ್ತ್ರ: ಎರಡು ಯಾಕೆ ಬೇಕು?

ಎಂಎ ಹುಡುಗ: ನೈಸರ್ಗಿಕ ಸಂಪನ್ಮೂಲ ಸಮಾಜಶಾಸ್ತ್ರ ಅಂತ ಬೇರೆ ಪೇಪರ್ ಇಟ್ಟು ಸುಮ್ನೆ ಗೋಳು ಹುಯ್ಕೊಳ್ತಾರೆ. ಕಾಡು, ನೀರು, ಮೀನು ಎಲ್ಲ ಪರಿಸರವೇ ಅಲ್ವಾ?

ನಿವೃತ್ತ ಮೇಷ್ಟ್ರು: ಅಲ್ಲ. ಅಮೆರಿಕದಲ್ಲಿ ಸಂಪನ್ಮೂಲದವರು ಬಂದಿದ್ದು ಗ್ರಾಮೀಣ ಸಮಾಜಶಾಸ್ತ್ರದಿಂದ. ಅರಣ್ಯ ಇಲಾಖೆ, ಪಾರ್ಕುಗಳಿಗೆ ಬೇಕಾದ ಅಧ್ಯಯನ ಮಾಡಿದರು. 1988ರಿಂದ ಅವರಿಗೆ ಬೇರೆ ಸಂಶೋಧನಾ ಪತ್ರಿಕೆಯೇ ಇದೆ. ಪರಿಸರದವರು ಪರಿಸರ ಚಳವಳಿಯ ಕಾವಿನಲ್ಲಿ ಹುಟ್ಟಿದವರು. ಇಡೀ ಸಮಾಜಶಾಸ್ತ್ರವೇ ಪ್ರಕೃತಿಯನ್ನು ಮರೆತಿದೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕ್ಯಾಟನ್, ಡನ್ಲಪ್ 1978ರಲ್ಲಿ ಬರೆದರು.

ಕಾನುಮನೆ: "ಇಲಾಖೆಗೆ ಬೇಕಾದ ಅಧ್ಯಯನ"! ನೀವೇ ಒಪ್ಪಿಕೊಂಡಿರಿ. ಅದು ಶಾಸ್ತ್ರ ಅಲ್ಲ, ಗುಮಾಸ್ತಗಿರಿ. ನಮ್ಮ ದಾಂಡೇಲಿ ಕಡೆ ನೋಡಿ. ಕಾಗದದ ಕಾರ್ಖಾನೆಗೆ ಸರ್ಕಾರ ಬಿದಿರು ಕೊಡ್ತಿದ್ದದ್ದು ಟನ್ನಿಗೆ 1.50 ರೂಪಾಯಿಗೆ. ಬುಟ್ಟಿ ಹೆಣೆಯೋ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಡಬೇಕಿತ್ತು. ಬಿದಿರು ಖಾಲಿಯಾದಾಗ ತಪ್ಪು ಯಾರದ್ದಾಯ್ತು? ಹಳ್ಳಿಯವರ ದನಗಳದ್ದು!

ಹಳಿಯಾಳದವ: ದನ ಕಳಲೆ, ಅಂದ್ರೆ ಬಿದಿರಿನ ಎಳೆ ಮೊಳಕೆ, ತಿನ್ನೋದು ಸುಳ್ಳಾ? ನಾನೇ ಕಣ್ಣಾರೆ ನೋಡಿದ್ದೇನೆ.

ಕಾನುಮನೆ: ತಿನ್ನುತ್ತೆ. ಯಾವಾಗ? ಬಿದಿರು ಗುಂಪಾಗಿ ಬೆಳೆಯೋ ಮೆಳೆಯ ಬುಡದ ಮುಳ್ಳು ಸವರಿದ ಮೇಲೆ. ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತೆ ಅಂತ ಇಲಾಖೆ ನಂಬಿತ್ತು. ಆ ಮುಳ್ಳೇ ಕಳಲೆಗೆ ಬೇಲಿ ಅಂತ ಹಳ್ಳಿಯವರು ಹೇಳ್ತಿದ್ದರು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಕಾಡಿಗೇ ಹೋಗಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯ್ತು.

ಹಳಿಯಾಳದವ: ಹೂ ಬಿಟ್ಟು ಮೆಳೆಗೆ ಮೆಳೆಯೇ ಒಣಗೋದನ್ನ ಮಾತ್ರ ಹೇಳಲ್ಲ ನೀವು.

ಕಾನುಮನೆ: ಹೂ ಬಿಟ್ಟರೆ ಬಿದಿರಕ್ಕಿ ಉದುರುತ್ತೆ, ಸಸಿ ಮತ್ತೆ ಹುಟ್ಟುತ್ತೆ. ಅಷ್ಟೂ ಗೊತ್ತಿಲ್ಲದೆ ಹಳಿಯಾಳ ಅಂತ ಹೆಸರು ಬೇರೆ!

ನಿವೃತ್ತ ಮೇಷ್ಟ್ರು: ಮುಳ್ಳು, ದನ, ಕಳಲೆ, ಹಳ್ಳಿಯವರ ಮಾತು... ಒಂದು ಕಾಡಲ್ಲಿ ಕೂತು ಇದನ್ನೆಲ್ಲ ವಿಚಾರಿಸೋದೇ ಸಂಪನ್ಮೂಲ ಸಮಾಜಶಾಸ್ತ್ರ. ನಿಮ್ಮ ಉದಾಹರಣೆ ನನ್ನ ಕಡೆಗೇ ಬಂತಲ್ಲ, ಸ್ವಾಮಿ.

ಕಾನುಮನೆ: ಗಾಡ್ಗೀಳ್ ಪರಿಸರ ವಿಜ್ಞಾನಿ. ನಿಮ್ಮವರ ಲೆಕ್ಕಕ್ಕೆ ಸೇರಿಸ್ಕೋಬೇಡಿ. 1.50 ರೂಪಾಯಿ ಅಂತ ಬರೆದ ಕೈ ಯಾವುದು, ಲಾಭ ಯಾರಿಗೆ ಅಂತ ಕೇಳೋದು ಪರಿಸರ ಸಮಾಜಶಾಸ್ತ್ರ.

ಎಂಎ ಹುಡುಗ: ಗುಮಾಸ್ತಗಿರಿ ಅಂದ್ರಲ್ಲ? ಕಾಡಿಗೆ ತಿರುಗಾಡೋಕೆ ಬರುವವರ ಬಗ್ಗೆ 1968ರಲ್ಲಿ ಒಂದು ವರದಿ ಬಂತು. ಬರೆದವರಲ್ಲಿ ಕ್ಯಾಟನ್ ಒಬ್ಬರು. ಅಚ್ಚು ಹಾಕಿಸಿದ್ದು ಅಮೆರಿಕದ ಅರಣ್ಯ ಇಲಾಖೆ. ಅವರೂ ಗುಮಾಸ್ತರಾ?

ಕಾನುಮನೆ: 1978ರ ಹೊತ್ತಿಗೆ ಬಿಟ್ಟು ಬಂದರಲ್ಲ, ಅದನ್ನ ನೋಡಿ.

ಹಳಿಯಾಳದವ: ಅದಿರಲಿ. ಮುಳ್ಳುಹಂದಿಯೂ ಕಳಲೆ ತಿನ್ನುತ್ತೆ. ಅದು ನಿಮ್ಮ ಬೇಲಿಗೆ ಹೆದರುತ್ತಾ? ಮೊದಲು ಅದಕ್ಕೆ ಉತ್ತರ ಕೊಡಿ.