ಚಿಕ್ಕಪ್ಪನ ಬ್ಯಾಂಕಾಕ್ ಪ್ರಶ್ನೆಗೆ

ಚಿಕ್ಕಪ್ಪ, ದುರ್ಗದ ಬಸ್ಸಲ್ಲಿ ನಿಂತಿದೀನಿ, ಟೈಪ್ ಮಾಡಾಕಾಗಲ್ಲ, ಬಾಯಲ್ಲೇ ಹೇಳ್ತೀನಿ. ಬ್ಯಾಂಕಾಕಿನಾಗೆ ವಾಟ್ ಪೋ ಗುಡಿಗೆ ಟೂರಿನೋರು ಅರ್ಧ ಗಂಟೆ ಕೊಡ್ತಾರಂತೆ, ಸಾಕಾಗುತ್ತಾ ಅಂತ ಕೇಳಿದ್ರಲ್ಲ. ಸಾಕಾಗಲ್ರಿ. ಅರ್ಧ ಗಂಟೆ ಅಂದ್ರೆ ಅಲ್ಲಿ ಮಲಗಿರೋ ದೊಡ್ಡ ಬುದ್ಧನ ಮುಖದ ಮುಂದೆ ಒಂದು ಫೋಟೋ, ಆಮೇಲೆ ಬಸ್ಸು ಹತ್ರಿ ಅಂತ ಕೂಗ್ತಾರೆ, ಅಷ್ಟೇ.

ಆ ಮೂರ್ತಿ 46 ಮೀಟರ್ ಉದ್ದ, 15 ಮೀಟರ್ ಎತ್ತರ. ನಮ್ಮ ಕೆಎಸ್ಸಾರ್ಟಿಸಿ ಬಸ್ಸು ನಾಲ್ಕು ಸಾಲಾಗಿ ನಿಲ್ಸಿದಂಗೆ. ಒಳಗೆ ಇಟ್ಟಿಗೆ ಗಾರೆ, ಮೇಲೆ ಚಿನ್ನದ ರೇಕು. ಮೂರನೇ ರಾಮ ಅನ್ನೋ ರಾಜ 1832ರಲ್ಲಿ ಮಾಡಿಸಿದ್ದು. ಎಲ್ಲಾರೂ ತಲೆ ಹತ್ರ ಗುಂಪು ಕಟ್ಕೊಂಡು ನಿಲ್ತಾರೆ, ನೀವು ಮಾತ್ರ ನೆಟ್ಟಗೆ ಪಾದದ ಕಡೆ ನಡೀರಿ. ಅಂಗಾಲಿನ ಮೇಲೆ ಕಪ್ಪೆಚಿಪ್ಪಿನ ಹೊಳೆಯೋ ಒಳಪದರ ಕೂರಿಸಿ 108 ಮಂಗಳ ಚಿಹ್ನೆ ಬಿಡಿಸಿದಾರೆ, ಆನೆ, ಹುಲಿ, ಹೂವು ಎಲ್ಲಾ ಅದಾವೆ. ಬೆನ್ನಿನ ಕಡೆ ಗೋಡೆಗುಂಟ 108 ಕಂಚಿನ ಪಾತ್ರೆ. ಚಿಲ್ರೆ ತಗೊಂಡು ಒಂದೊಂದಕ್ಕೂ ಒಂದೊಂದು ಹಾಕ್ತಾ ಹೋಗ್ಬೇಕು. ಟಣ್ ಟಣ್ ಅಂತ ಆ ಸದ್ದಿಗೇ ಹುಡುಗ್ರು ಕುಣೀತವೆ.

ಇನ್ನು ಹೊರಗೆ. ಟೂರಿನೋರು ತೋರ್ಸೋದೇ ಇಲ್ಲ ಇದನ್ನ. ಅದೇ ರಾಜ ವೈದ್ಯ, ಮಾಲೀಶು, ಕಾವ್ಯ ಎಲ್ಲಾನೂ ಕಲ್ಲಿನ ಮೇಲೆ ಕೆತ್ತಿಸಿ ಗೋಡೆ, ಮಂಟಪಗಳಾಗೆ ಕೂರಿಸಿದ. ಓದಾಕೆ ಬರೋ ಯಾರಾದ್ರೂ ಬಂದು ಕಲೀಲಿ ಅಂತ. ಸಾವಿರಕ್ಕೂ ಹೆಚ್ಚು ಶಾಸನ ಅದಾವೆ, 2011ರಲ್ಲಿ ಯುನೆಸ್ಕೋದ ಮೆಮೊರಿ ಆಫ್ ದಿ ವರ್ಲ್ಡ್, ಅಂದ್ರೆ ಜಗತ್ತಿನ ಮುಖ್ಯ ದಾಖಲೆಗಳ ಪಟ್ಟಿಗೆ ಸೇರಿದಾವೆ. ಮನುಷ್ಯನ ಮೈ ಬಿಡಿಸಿ ನರ ಎಲ್ಲೆಲ್ಲಿ ಹೋಗ್ತಾವೆ, ಎಲ್ಲಿ ಒತ್ಬೇಕು ಅಂತ ಗೆರೆ ಎಳೆದು ತೋರ್ಸಿದಾರೆ. ನಾನಂತೂ ಬುದ್ಧನಿಗಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದೆ. ಥಾಯ್ ಮಾಲೀಶಿನ ಶಾಲೆ ಈಗ್ಲೂ ಅಲ್ಲೇ ನಡೀತೈತೆ. ಚಿಕ್ಕಮ್ಮನ ಮಂಡಿ ನೋವಿಗೆ ಅಲ್ಲೇ ದುಡ್ಡು ಕೊಟ್ಟು ಒತ್ತಿಸ್ಕೋಬಹುದು, ಆದ್ರೆ ಮೆತ್ತಗೆ ಅಂತ ಮೊದ್ಲೇ ಹೇಳ್ರಿ, ಅವರ ಮೊಣಕೈ ಭಾಳ ಗಟ್ಟಿ.

ಕಲ್ಲಲ್ಲಿ ಬರೆಸೋ ರಾಜರು ನಮ್ಮ ಕಡೆಗೇನು ಹೊಸಬ್ರಲ್ಲ ಬಿಡ್ರಿ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ಬಂಡೆ ಮೇಲೆ ಅಶೋಕ ತಂದೆ ತಾಯಿ ಮಾತು ಕೇಳ್ರಿ ಅಂತ ಬರೆಸಿದಾನಲ್ಲ. ಈ ಗ್ರೂಪಿನ ಹುಡುಗ್ರೂ ಕೇಳಿಸ್ಕೊಳ್ರಪ್ಪ.

ದೊಡ್ಡ ಪೂಜಾಮಂದಿರದ ಸುತ್ತ ಅಮೃತಶಿಲೆ ಮೇಲೆ ಅವ್ರ ರಾಮಾಯಣ ಕೆತ್ತಿದಾರೆ, ರಾಮಕಿಯೆನ್ ಅಂತಾರೆ. ಆ ಕಥೆಯಾಗೆ ಹನುಮಪ್ಪ ಬ್ರಹ್ಮಚಾರಿ ಅಲ್ಲ, ಮತ್ಸ್ಯಕನ್ನೆ ಜೊತೆ ಪ್ರೇಮ ಬೇರೆ. ಅಜ್ಜಿಗೆ ಮಾತ್ರ ಹೇಳ್ಬ್ಯಾಡ್ರಿ!

ಭುಜ, ಮಂಡಿ ಮುಚ್ಚೋ ಬಟ್ಟೆ ಹಾಕ್ಕೊಳ್ರಿ. ಒಳಗೆ ಹೋಗುವಾಗ ಚಪ್ಪಲಿ ಬಿಚ್ಬೇಕು. ಗೇಟಿನ ಹೊರಗೆ ಯಾರಾದ್ರೂ ನಗ್ತಾ ಬಂದು ಇವತ್ತು ಗುಡಿ ಬಾಗ್ಲು ಹಾಕೈತೆ, ಬೇರೆ ಕಡೆ ಕರ್ಕೊಂಡು ಹೋಗ್ತೀನಿ ಅಂದ್ರೆ ನಂಬಬ್ಯಾಡ್ರಿ, ಹರಳಿನ ಅಂಗಡಿಗೆ ಒಯ್ದು ಬಿಡ್ತಾರೆ. ಟಿಕೆಟ್ ಕೌಂಟರ್ ತನಕ ನೀವೇ ಹೋಗಿ ನೋಡ್ರಿ. ಟೂರಿನೋರು ಒಪ್ಪಲಿಲ್ಲ ಅಂದ್ರೆ ಶಾಪಿಂಗ್ ದಿನ ತಪ್ಪಿಸ್ಕೊಂಡು ಮೆಟ್ರೋ ಹತ್ರಿ, ಸನಾಮ್ ಚಾಯ್ ಅಂತ ಸ್ಟೇಷನ್ನು, ಇಳಿದ್ರೆ ಗುಡಿ ಹತ್ರಾನೇ. ಬೆಳಿಗ್ಗೆ 8ಕ್ಕೆ ತೆಗೀತಾರೆ, ಆಗ್ಲೇ ಹೋಗ್ರಿ. ಬಿಸಿಲು ಏರಿದ್ರೆ ಚಿಕ್ಕಮ್ಮ ಅರ್ಧಕ್ಕೇ ವಾಪಸ್ ಅಂತಾರೆ.