ಶಿರಾಡಿ ಘಾಟ್: ಬರೀ ತಡೆಗೋಡೆ ಕಟ್ಟಿದ್ರೆ ಗುಡ್ಡ ನಿಲ್ಲುತ್ತಾ?

ಪುತ್ತೂರಿನವ:
ನಮ್ದು ಪುತ್ತೂರು, ಕೆಲಸ ಬೆಂಗಳೂರಲ್ಲಿ. ಮಳೆಗಾಲ ಬಂದ್ರೆ ಊರಿಗೆ ಹೊರಡೋ ಮುಂಚೆ ಘಾಟಿ ಓಪನ್ ಇದ್ಯಾ ಅಂತ ನಾಲ್ಕು ಜನರನ್ನ ಕೇಳ್ಬೇಕು. 2018ರ ಜುಲೈನಲ್ಲಿ ಕಾಂಕ್ರೀಟ್ ರಸ್ತೆ ಓಪನ್ ಆಯ್ತು, ಮುಂದಿನ ತಿಂಗಳೇ ಗುಡ್ಡ ಕುಸಿದು ಬಂದ್. 2021ರಲ್ಲಿ ದೋಣಿಗಾಲ್ ಹತ್ರ ರಸ್ತೆನೇ ಕುಸೀತು, 2024ರಲ್ಲಿ ಮತ್ತೆ ಮಣ್ಣು ಬಂತು. ಈಗ ಅಗಲ ಮಾಡೋಕೆ ಇನ್ನೂ ಕಡೀತಿದಾರೆ. ಎತ್ತರದ ಗೋಡೆ ಕಟ್ಟಿಬಿಟ್ರೆ ಸಾಕಾಗಲ್ವಾ? ಗೊತ್ತಿರೋರು ಹೇಳಿ.

ಸಿವಿಲ್ ಕೆಲಸದವ:
ಸಾಕಾಗಲ್ಲ ಸರ್. ಅಲ್ಲಿ ಮೇಲೆ ದಪ್ಪ ಮಣ್ಣು, ಕೆಳಗೆ ಬಂಡೆ, ಮಳೆ ನೀರು ಇಂಗಿ ಇಳಿದು ಬಂಡೆ ಮೇಲೆ ನಿಂತ್ಕೊಳತ್ತೆ, ಅಲ್ಲಿ ಮಣ್ಣಿನ ಹಿಡಿತ ತಪ್ಪತ್ತೆ, ಬುಡ ನೆಟ್ಟಗೆ ಕಡಿದಿದ್ರೆ ಆಸರೆ ಇಲ್ದೆ ಮೇಲಿಂದು ಪೂರ್ತಿ ಜಾರಿ ಬರತ್ತೆ. ಗೋಡೆಯಲ್ಲಿ ನೀರು ಹೋಗೋ ತೂತು ಇಲ್ದಿದ್ರೆ ಅಥವಾ ಇದ್ದಿದ್ದೂ ಕಟ್ಕೊಂಡ್ರೆ ಗೋಡೆ ಅಣೆಕಟ್ಟಾಗಿ ನೀರಿನ ಒತ್ತಡಕ್ಕೇ ಒರಗತ್ತೆ. ಮೊದಲು ಗುಡ್ಡದ ತಲೆ ಮೇಲೆ ಚರಂಡಿ ಹೊಡೆದು ನೀರನ್ನ ಪಕ್ಕಕ್ಕೆ ತಿರುಗಿಸ್ಬೇಕು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕಡೀಬೇಕು, ಜಾಗ ಇಲ್ಲದ ಕಡೆ ಕಬ್ಬಿಣದ ರಾಡ್ ಒಳಗೆ ಇಳಿಸಿ ಸಿಮೆಂಟ್ ತುಂಬಿ ಮೇಲೆ ಜಾಲರಿ ಹಾಕ್ಬೇಕು. ಖರ್ಚು ಜಾಸ್ತಿ, ಜಾಗನೂ ಜಾಸ್ತಿ ಬೇಕು, ಆದ್ರೆ ವರ್ಷಾ ವರ್ಷಾ ಮಣ್ಣು ತೆಗೆಯೋ ಖರ್ಚೂ ಖರ್ಚೇ ಅಲ್ವಾ.

ಸಕಲೇಶಪುರ ಕಡೆಯವ:
ಮೇಲಿನವರು ಹೇಳಿದ್ದು ಸರಿ, ಆದ್ರೆ ಚರಂಡಿ ಹೊಡೆದ್ರೆ ಮುಗೀಲಿಲ್ಲ ಮಾರಾಯ್ರೆ, ಮೇ ತಿಂಗಳೊಳಗೆ ಮೋರಿ ಬಾಯಲ್ಲಿ ಕೂತಿರೋ ಮಣ್ಣು, ದರಗು, ಮರದ ಕೊಂಬೆ ಎಲ್ಲ ತೆಗೀಬೇಕು. ಇಲ್ಲಾಂದ್ರೆ ನೀರು ರಸ್ತೆ ಮೇಲೆ ಹರಿದು ಇನ್ನೊಂದು ಬದಿ ಪ್ರಪಾತದ ಕಡೆ ಅಂಚು ಕೊರೆಯತ್ತೆ. ಇನ್ನೊಂದು, ಗುಡ್ಡದ ಮೇಲೆ ಉದ್ದಕ್ಕೆ ಬಿರುಕು ಕಂಡ್ರೆ, ತಿಳಿಯಾಗಿ ಬರ್ತಿದ್ದ ಒರತೆ ಇದ್ದಕ್ಕಿದ್ದಂಗೆ ಕೆಂಪಗಾದ್ರೆ ಅಲ್ಲಿ ಗಾಡಿ ಬಿಡಲೇಬಾರದು.

ಅಂಕೋಲಾದಿಂದ:
2024 ಜುಲೈ 16, ನಮ್ಮ ಶಿರೂರು. ಕಡಿದ ಗುಡ್ಡದ ಬುಡದಲ್ಲೇ ಚಹಾ ಅಂಗಡಿ, ಪಕ್ಕದಲ್ಲಿ ನಿಲ್ಸಿದ ಲಾರಿಗಳು, ಗುಡ್ಡ ಕುಸಿದು ಗಂಗಾವಳಿ ನದಿ ಪಾಲಾಯ್ತು. ಜೀವ ಹೋದವು. ಡ್ರೈವರ್‌ಗಳಿಗೆ ನಿಲ್ಲೋಕೆ ಜಾಗ ಬೇಕೇ ಬೇಕು, ಅದನ್ನ ಗುಡ್ಡದಿಂದ ದೂರ ಮಾಡಿಕೊಡಿ. ಕೊಂಕಣ ರೈಲ್ವೆಯವರು ಮಳೆಗಾಲಕ್ಕೆ ಬೇರೆ ಟೈಮ್‌ಟೇಬಲ್ ಮಾಡಿ ಸ್ಪೀಡ್ ಇಳಿಸ್ತಾರೆ, ಹಳಿ ಕಾಯೋಕೆ ಜನ ಹಾಕ್ತಾರೆ, ಮಳೆ ಅಳತೆ ನೋಡ್ತಾರೆ. ಹೈವೇಗೂ ಹಂಗೇ ಮಾಡ್ಬೇಕು, ಇಷ್ಟು ಮಳೆ ದಾಟಿದ್ರೆ ಗುಡ್ಡ ಬೀಳೋ ಮುಂಚೆನೇ ಗೇಟ್ ಹಾಕ್ಲಿ.

ಪುತ್ತೂರಿನವ:
ಥ್ಯಾಂಕ್ಸ್ ಎಲ್ಲರಿಗೂ. ಮುಂಚೆನೇ ಬಂದ್ ಮಾಡಿದ್ರೆ ಚಾರ್ಮಾಡಿ ಕಡೆ ಸುತ್ತು ಹಾಕ್ಬೇಕು, ಅಲ್ಲೂ ಗುಡ್ಡ ಕುಸಿಯತ್ತಲ್ವಾ, ಲಾರಿಗಳು ಆಗ ಎಲ್ಲಿ ಹೋಗ್ಬೇಕು?

ಸಕಲೇಶಪುರ ಕಡೆಯವ:
ಚಾರ್ಮಾಡಿ ತಿರುವಲ್ಲಿ ದೊಡ್ಡ ಲಾರಿ ಆಗಲ್ಲ. ಘಾಟಿ ಹತ್ತೋ ಮುಂಚೆನೇ, ಹಾಸನದ ಕಡೆ ಒಂದು, ಗುಂಡ್ಯದ ಕೆಳಗೆ ಒಂದು ಲಾರಿ ನಿಲ್ಲೋ ಜಾಗ ಮಾಡಿ, ಊಟ ಟಾಯ್ಲೆಟ್ ಇಟ್ರೆ ಡ್ರೈವರ್‌ಗಳು ಖಂಡಿತ ಕಾಯ್ತಾರೆ.